ಬಾಳಿಕೆ

ಪುಣೆಯಿಂದ ಅಹಿಲ್ಯಾನಗರದ ಹೆದ್ದಾರಿಯಲ್ಲಿ ಸುಮಾರು ಐವತ್ತು ಕಿಲೋಮೀಟರ್ ಸಾಗಿದರೆ ರಾಂಜಣಗಾಂವ್ ಸಿಗುತ್ತದೆ. ಊರಿನಿಂದ ಬಂದ ನೆಂಟರನ್ನು ಅಷ್ಟವಿನಾಯಕ ಯಾತ್ರೆಗೆ ಕರೆದೊಯ್ಯುವ ಇಲ್ಲಿನ ಕನ್ನಡಿಗರಿಗೆ ಅದು ಮಹಾಗಣಪತಿಯ ಕ್ಷೇತ್ರ. ಅದೇ ಊರಿನ ಕೈಗಾರಿಕಾ ಪ್ರದೇಶದಲ್ಲಿ ಫಿಯೆಟ್ ಮತ್ತು ಟಾಟಾ ಸಂಸ್ಥೆಗಳ ಜಂಟಿ ಕಾರ್ಖಾನೆಯಿದೆ. ಮಲ್ಟಿಜೆಟ್ ಎಂಬ 1248 ಸಿಸಿಯ ಪುಟ್ಟ ಟರ್ಬೊ ಡೀಸೆಲ್ ಎಂಜಿನ್ ಇಲ್ಲಿ ತಯಾರಾಗಿ ಇಂಡಿಕಾ ವಿಸ್ಟಾ, ಲೀನಿಯಾ, ಪುಂಟೊ ಕಾರುಗಳಲ್ಲಿ ಕುಳಿತು ದೇಶವನ್ನೆಲ್ಲ ಸುತ್ತಿತು. ಇದೇ ಎಂಜಿನ್ ಹರಿಯಾಣದ ಮಾನೇಸರದಲ್ಲಿಯೂ ತಯಾರಾಗಿ 2007ರಿಂದ ಮಾರುತಿ ಸ್ವಿಫ್ಟ್‌ಗೆ ದೊರೆಯಿತು. ಎಷ್ಟೊಂದು ಕಂಪನಿಗಳು ಇದನ್ನು ಬಳಸಿದುವೆಂದರೆ, ಜನ ಇದನ್ನು ತಮಾಷೆಗೆ 'ರಾಷ್ಟ್ರೀಯ ಎಂಜಿನ್' ಎಂದೇ ಕರೆದರು. 2010ರಲ್ಲಿ ನಾನು ಕೊಂಡ ಕಾರಿನೊಳಗೂ ಇರುವುದು ಇದೇ.

ಇಂಗ್ಲಿಷ್ ಸಾಹಿತ್ಯ ಓದಿ ಕೇಂದ್ರ ಸರ್ಕಾರದ ಕಡತಗಳ ನಡುವೆ ಬದುಕುವವನಿಗೆ ಎಂಜಿನ್ನಿನ ಗೊಡವೆ ಏಕೆಂದು ಗೆಳೆಯರು ಕೇಳುವುದುಂಟು. ಈ ಆಸಕ್ತಿ ನನಗೆ ಬಂದದ್ದು ತಂದೆಯವರಿಂದ. ಧಾರವಾಡದ ಸಮೀಪ ನಮ್ಮ ಹೊಲದ ಬಾವಿಯ ದಂಡೆಯ ಮೇಲೆ ಒಂದು ಕಿರ್ಲೋಸ್ಕರ್ ಡೀಸೆಲ್ ಎಂಜಿನ್ ಇತ್ತು. ಆ ಮನೆತನದ ಉದ್ಯಮವನ್ನು ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1946ರಲ್ಲಿ ಆರಂಭವಾದ ಅವರ ಆಯಿಲ್ ಎಂಜಿನ್ ಕಂಪನಿಯ ಕಾರ್ಖಾನೆ ನೆಲೆಗೊಂಡದ್ದು ಪುಣೆಯ ಖಡಕಿಯಲ್ಲಿ. ತಂದೆ ಪ್ರತಿಸಲವೂ ಎಣ್ಣೆಯ ಕಡ್ಡಿಯನ್ನು ಹೊರಗೆಳೆದು, ಬಟ್ಟೆಯಿಂದ ಒರೆಸಿ, ಮತ್ತೆ ಇಳಿಸಿ ನೋಡಿದ ಬಳಿಕವೇ ಹ್ಯಾಂಡಲ್‌ಗೆ ಕೈ ಹಾಕುತ್ತಿದ್ದರು. ಅವಸರವೆಂಬುದು ಅವರ ಸ್ವಭಾವದಲ್ಲಿ ಇದ್ದರೂ ಆ ಒಂದು ಕೆಲಸದಲ್ಲಿ ಇರಲಿಲ್ಲ.

ಆ ಕಡ್ಡಿಯ ಮಹತ್ವ ಮಲ್ಟಿಜೆಟ್ಟಿನಲ್ಲಿ ಇನ್ನೂ ಹೆಚ್ಚು. ಇದರ ಟರ್ಬೊ ಚಕ್ರ ಹೊಗೆಯ ರಭಸಕ್ಕೆ ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತುತ್ತದೆ. ಅದರ ಅಚ್ಚು ತೇಲುವುದು ಕೂದಲಿಗಿಂತ ತೆಳುವಾದ ಎಣ್ಣೆಯ ಪೊರೆಯ ಮೇಲೆ. ಕವಾಟಗಳನ್ನು ಕಾಲಕಾಲಕ್ಕೆ ತೆರೆದು ಮುಚ್ಚಿಸುವ ಟೈಮಿಂಗ್ ಚೈನ್ ಉಕ್ಕಿನದು. ರಬ್ಬರ್ ಬೆಲ್ಟಿನಂತೆ ಅವಧಿಗೊಮ್ಮೆ ಬದಲಿಸಬೇಕಾಗಿಲ್ಲ. ಆದರೆ ಆ ಚೈನನ್ನು ಬಿಗಿಯಾಗಿ ಹಿಡಿದಿರುವ ಟೆನ್ಷನರ್ ನಿಂತಿರುವುದೂ ಎಣ್ಣೆಯ ಒತ್ತಡದ ಬಲದ ಮೇಲೆಯೇ. ಹೀಗೆ, ಕಬ್ಬಿಣದ್ದೆಂದು ನಾವು ನಂಬಿದ ಗಟ್ಟಿತನವೆಲ್ಲ ಸುಮಾರು ಮೂರು ಲೀಟರ್ ಎಣ್ಣೆಯನ್ನು ಆಶ್ರಯಿಸಿದೆ. ಎಣ್ಣೆ ಕಡಿಮೆಯಾದರೆ ಚೈನು ಸಡಿಲಗೊಂಡು, ಬೆಳಗಿನ ಮೊದಲ ಚಾಲನೆಯಲ್ಲಿ ಗಲಗಲ ಸದ್ದು ಕೇಳಿಸುತ್ತದೆ. ಡೀಸೆಲ್ಲಿನ ಫಿಲ್ಟರಿನ ತಳದಲ್ಲಿ ಸೇರುವ ನೀರನ್ನು ಹೊರಬಿಡದಿದ್ದರೆ, ಸಾವಿರ ಬಾರ್‌ಗೂ ಹೆಚ್ಚಿನ ಒತ್ತಡದಲ್ಲಿ ದುಡಿಯುವ ಇಂಜೆಕ್ಟರುಗಳು ಹಾಳಾಗುತ್ತವೆ. ಸಿಂಹಗಡ ರಸ್ತೆಯ ದಟ್ಟಣೆಯಲ್ಲಿ ದಿನವೂ ನಾಲ್ಕಾರು ಕಿಲೋಮೀಟರ್ ಮಾತ್ರ ತೆವಳಿದರೆ ಹೊಗೆಯನ್ನು ಮರಳಿ ಒಳಕ್ಕೆ ಕಳಿಸುವ ಇಜಿಆರ್ ಕವಾಟದಲ್ಲಿ ಮಸಿ ಕಟ್ಟುತ್ತದೆ. ಹೆದ್ದಾರಿಯ ದೀರ್ಘ ಓಟದ ನಂತರ ಒಂದು ನಿಮಿಷ ಎಂಜಿನ್ನನ್ನು ಸುಮ್ಮನೆ ಓಡಲು ಬಿಟ್ಟು ಆಮೇಲೆ ನಿಲ್ಲಿಸಿದರೆ ಟರ್ಬೊ ತಣಿಯುತ್ತದೆ. ಇವಾವುದರಲ್ಲೂ ಪಾಂಡಿತ್ಯವಿಲ್ಲ, ಬೇಕಾದದ್ದು ಬೇಸರಪಡದ ಮನಸ್ಸು.

ನನ್ನ ಕಾರನ್ನು ನೋಡಿಕೊಳ್ಳುವ ಮೆಕ್ಯಾನಿಕ್ ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ಕಾತ್ರಜ್ ಬಳಿ ಪುಟ್ಟ ಗ್ಯಾರೇಜ್ ಇಟ್ಟುಕೊಂಡಿದ್ದಾರೆ. ಹೊಸದಾಗಿ ಹಾಕಿಸಿದ ಎಣ್ಣೆ ಕೆಲವೇ ದಿನಗಳಲ್ಲಿ ಕಪ್ಪಾದದ್ದನ್ನು ಕಂಡು ನಾನು ವಿಚಾರಿಸಿದಾಗ ಅವರು ನಕ್ಕರು: "ಸಾಹೇಬ್ರ, ಎಣ್ಣಿ ಕರ್ರಗಾತು ಅಂದ್ರ ಅದು ತನ್ನ ಕೆಲಸ ಮಾಡಾಕತ್ತೈತಿ ಅಂತ ಅರ್ಥರಿ. ಮಸಿ ಎಲ್ಲಾ ತನ್ನ ಮೈಮ್ಯಾಲೆ ಹಾಕ್ಕೊಂತೈತಿ. ಕರ್ರಗಾಗಲಿ, ಕಡಿಮಿ ಆಗಬಾರದು." ಕೊಳೆಯನ್ನು ತಾನು ಹೊತ್ತು ಉಳಿದುದನ್ನು ಕಾಪಾಡುವ ಈ ಗುಣವನ್ನು ಪಠ್ಯಪುಸ್ತಕಗಳಿಗಿಂತ ಸ್ಪಷ್ಟವಾಗಿ ಅವರು ಹೇಳಿದ್ದರು.

2018ರ ಜುಲೈ ತಿಂಗಳ ಒಂದು ರಾತ್ರಿ ಹನ್ನೊಂದು ಗಂಟೆಗೆ ತಂದೆಯವರಿಗೆ ಉಸಿರಾಟದ ತೊಂದರೆಯೆಂದು ತಂಗಿಯ ಫೋನು ಬಂದಿತು. ಬಸ್ಸುಗಳೆಲ್ಲ ಹೊರಟುಹೋಗಿದ್ದವು. ಹೆಂಡತಿ ಮತ್ತು ನಾನು ಹತ್ತೇ ನಿಮಿಷಗಳಲ್ಲಿ ಹೊರಟೆವು. ಖಂಬಾಟ್ಕಿ ಘಾಟಿನಲ್ಲಿ ಮಂಜು, ಸಾತಾರದಿಂದ ಕರಾಡದವರೆಗೆ ಎಡೆಬಿಡದ ಮಳೆ. ನಿಪ್ಪಾಣಿಯಲ್ಲಿ ಕನ್ನಡದ ಫಲಕಗಳು ಕಾಣಿಸಿದಾಗ ಇನ್ನೂ ಕತ್ತಲೆ; ಬೆಳಗಾವಿ ದಾಟಿ ಧಾರವಾಡ ಸೇರುವಷ್ಟರಲ್ಲಿ ಬೆಳಗಾಗಿತ್ತು. ತಂದೆ ಇನ್ನೂ ಎರಡು ದಿನ ಮಾತನಾಡುವ ಸ್ಥಿತಿಯಲ್ಲಿದ್ದರು. ಆ ಎರಡು ದಿನಗಳ ಬೆಲೆಯನ್ನು ನಾನು ಯಾವ ಲೆಕ್ಕದಲ್ಲೂ ಬರೆಯಲಾರೆ. ಆ ನಾಲ್ಕುನೂರು ಚಿಲ್ಲರೆ ಕಿಲೋಮೀಟರ್‌ಗಳಲ್ಲಿ ಎಂಜಿನ್ ಒಮ್ಮೆಯೂ ನನ್ನ ನೆನಪಿಗೆ ಬಂದಿರಲಿಲ್ಲ ಎಂಬುದು ಬಹಳ ದಿನಗಳ ಮೇಲೆ ಹೊಳೆಯಿತು. ನೆನಪಿಗೆ ಬಾರದಂತೆ ದುಡಿಯುವುದೇ ಯಂತ್ರದ ವಿಶ್ವಾಸಾರ್ಹತೆಯಿರಬೇಕು. ಆ ರಾತ್ರಿಯ ಮರೆವಿಗಾಗಿ ಎಂಟು ವರ್ಷಗಳ ಸಣ್ಣಪುಟ್ಟ ನೆನಪುಗಳು ಮುಂಗಡವಾಗಿ ಸಂದಾಯವಾಗಿದ್ದವು.

ಕನ್ನಡದಲ್ಲಿ ಇದಕ್ಕೆ 'ಬಾಳಿಕೆ' ಎಂಬ ಒಳ್ಳೆಯ ಮಾತಿದೆ. ಇಂಗ್ಲಿಷಿನ ರಿಲಯಬಿಲಿಟಿಯಲ್ಲಿ ವಸ್ತುವನ್ನು ನೆಚ್ಚಿ ನಿಂತವನ ಅನುಕೂಲ ಮುಖ್ಯ. ನಮ್ಮ ಮಾತಿನಲ್ಲಿ ವಸ್ತುವಿಗೂ ಒಂದು ಬಾಳಿದೆ. ಬಾಳು ಇದ್ದಲ್ಲಿ ಬಾಳಿಸುವವರೂ ಇರಬೇಕಾಗುತ್ತದೆ.

ಆದರೆ ಬಾಳಿಕೆಗೆ ಕಾಗದದ ಗಡುವೊಂದು ಬೇರೆಯಿದೆ. 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ರದ್ದಾಯಿತು. ನಮ್ಮ ಕಚೇರಿಯ ಜೀಪು ಗುಜರಿಗೆ ಹೊರಟ ದಿನ ಅದರ ಎಂಜಿನ್ ಮೊದಲ ತಿರುವಿಗೇ ಎದ್ದು ನಿಂತಿತು. ನೌಕರನಿಗೆ ಅರವತ್ತು, ಜೀಪಿಗೆ ಹದಿನೈದು. ಶಕ್ತಿಯಿದೆಯೇ ಎಂದು ಇಬ್ಬರನ್ನೂ ಯಾರೂ ಕೇಳುವುದಿಲ್ಲ. ಖಾಸಗಿ ಕಾರಿಗಾದರೆ ತಪಾಸಣೆ ಮಾಡಿಸಿ, ಶುಲ್ಕವನ್ನೂ ಪರಿಸರ ತೆರಿಗೆಯನ್ನೂ ಕಟ್ಟಿ ಐದು ವರ್ಷ ಮುಂದುವರಿಸುವ ಅವಕಾಶವಿದೆ. 2025ರಲ್ಲಿ ಈ ಆಯ್ಕೆ ನನ್ನ ಮುಂದೆ ಬಂದಿತು.

ನಿರ್ಧಾರ ಸುಲಭವಾಗಿರಲಿಲ್ಲ. ಹೊಗೆಯ ಸೂಕ್ಷ್ಮ ಕಣಗಳನ್ನು ತಡೆಯುವ ಫಿಲ್ಟರ್ ನನ್ನ ಕಾರಿನಲ್ಲಿಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಜಾರಿಗೆ ಬಂದಾಗ ಈ ಎಂಜಿನ್ ನಮ್ಮ ಮಾರುಕಟ್ಟೆಯಿಂದ ನಿರ್ಗಮಿಸಿದ್ದೂ ಅಂಥ ಕಾರಣಕ್ಕೇ. ಅದನ್ನು ಶುದ್ಧಗೊಳಿಸುವ ವೆಚ್ಚ ಸಣ್ಣ ಕಾರಿಗೆ ಭಾರವಾಯಿತು. ಪುಣೆಯ ಗಾಳಿಯನ್ನು ಉಸಿರಾಡುವವರಲ್ಲಿ ನನ್ನ ಮಗಳೂ ಒಬ್ಬಳು. ಹೀಗಾಗಿ ಒಂದು ಒಪ್ಪಂದಕ್ಕೆ ಬಂದೆ: ದಿನದ ಓಡಾಟಕ್ಕೆ ಬಸ್ಸು ಮತ್ತು ಮೆಟ್ರೊ, ಊರಿನ ದಾರಿಗೆ ಮಾತ್ರ ಕಾರು. ಉದ್ದನೆಯ ಓಟ ಎಂಜಿನ್ನಿಗೂ ಹಿತ. ಧಾರವಾಡದ ಮನೆಯಲ್ಲಿ ಈಗ ತಾಯಿ ಒಬ್ಬರೇ ಇದ್ದಾರೆ.

ನೋಂದಣಿ 2030ರವರೆಗೆ ಊರ್ಜಿತವಾಗಿದೆ. ಓಡಿದ್ದು ಎರಡು ಲಕ್ಷ ಹನ್ನೊಂದು ಸಾವಿರ ಕಿಲೋಮೀಟರ್. ಮುಂದಿನ ಎಣ್ಣೆ ಬದಲಾವಣೆ ದೀಪಾವಳಿಗೆ ಮೊದಲು.