ಕತ್ತಲಲ್ಲಿ ಗುನುಗುವ ಹಾಡು

ಕಾಮಸಮುದ್ರದ ಸುತ್ತಿನ ಹಳ್ಳಿಗಳಲ್ಲಿ ಮಕ್ಕಳನ್ನು ಹೆದರಿಸಲು ಗುಮ್ಮನನ್ನು ಕರೆಯಬೇಕಾಗಿಲ್ಲ. ತಮಿಳುನಾಡಿನ ಗಡಿಯ ಕಾಡಿನಿಂದ ಆನೆಗಳ ಹಿಂಡು ಇಳಿದ ರಾತ್ರಿ ರಾಗಿ ಹೊಲದ ಕಡೆ ಪಟಾಕಿ ಸಿಡಿಯುತ್ತದೆ, ಟಾರ್ಚುಗಳು ಓಡಾಡುತ್ತವೆ. ಒಳಗೆ ಕಂಬಳಿ ಹೊದ್ದ ಮಗು ಕೇಳುತ್ತದೆ: “ಅಜ್ಜೀ, ಆನೆ ನಮ್ಮನೆಗೂ ಬರುತ್ತಾ?”

“ಬರಲ್ಲ, ಸುಮ್ನೆ ಮಲಕ್ಕೋ” ಅಂದರೆ ಮಗುವಿಗೆ ಸಾಲದು. ಅಜ್ಜಿಯೂ ಎಚ್ಚರವಾಗಿಯೇ ಇದ್ದಾಳೆಂದು ಅದಕ್ಕೆ ಗೊತ್ತು.

ಬಂಗಾರಪೇಟೆ ತಾಲ್ಲೂಕಿನ ಇಂಥ ಊರಿನಲ್ಲಿ, ರಜೆಯ ಮಧ್ಯಾಹ್ನ ಮಕ್ಕಳನ್ನು ಗುಂಪು ಕೂರಿಸಿಕೊಂಡು ಹಾಡುಗಳಿರುವ ಕಾರ್ಟೂನ್ ಸಿನಿಮಾ ನೋಡುವುದರ ಸುಖವೇ ಬೇರೆ. ಅದರ ರುಚಿ ಹತ್ತಿದ ದೊಡ್ಡವರು ಪರದೆಗಿಂತ ಹೆಚ್ಚಾಗಿ ಮಕ್ಕಳ ಮುಖವನ್ನೇ ನೋಡುತ್ತಾರೆ. ಮಗು ಸೆರಗನ್ನು ಎಲ್ಲಿ ಬಿಗಿಹಿಡಿಯಿತು, ಎಲ್ಲಿ ಬಿಟ್ಟಿತು? ಎಷ್ಟೋ ಸಲ ಬಿಡುವುದು ಹಾಡು ಶುರುವಾದಾಗ.

1994ರ ‘ದಿ ಲಯನ್ ಕಿಂಗ್’ ನೋಡಿ. ಮರಿಸಿಂಹ ಸಿಂಬ ತಾನು ಧೀರನೆಂದು ತೋರಿಸಿಕೊಳ್ಳಲು ಆನೆಗಳ ಮೂಳೆ ಬಿದ್ದಿರುವ ಜಾಗಕ್ಕೆ ಹೋಗಿ ಕತ್ತೆಕಿರುಬಗಳ ಕೈಗೆ ಸಿಕ್ಕಿಕೊಳ್ಳುತ್ತದೆ. ಬಿಡಿಸಿಕೊಂಡು ಬಂದ ಅಪ್ಪ ಮುಫಾಸ ಆ ರಾತ್ರಿ ಮಗನೆದುರು ಒಂದು ಮಾತು ಒಪ್ಪಿಕೊಳ್ಳುತ್ತಾನೆ: ನಿನ್ನನ್ನು ಕಳೆದುಕೊಂಡೇನೆಂದು ಇವತ್ತು ನನಗೂ ಭಯವಾಗಿತ್ತು. ಕಾಡಿನ ರಾಜನಿಗೂ ಭಯವಾಗುತ್ತದೆಂದು ಕೇಳಿದ ಮಗು ಪಕ್ಕದಲ್ಲಿ ಕೂತ ಅಪ್ಪನ ಮುಖ ನೋಡುತ್ತದೆ. ಮುಂದೆ ಕಾಡುಪ್ರಾಣಿಗಳ ಹಿಂಡು ಕಣಿವೆಗೆ ನುಗ್ಗುವ ದೃಶ್ಯ. ಎರಡೂವರೆ ನಿಮಿಷದಷ್ಟಿರುವ ಅದನ್ನು ಮಾಡಲು ಎರಡು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಅಪ್ಪ ಸತ್ತ ಮೇಲೆ ಸಿಂಬನ ಜೊತೆ ನೋಡುವ ಮಕ್ಕಳೂ ಕಂಗಾಲು. ಸರಿಯಾಗಿ ಆಗ ಟಿಮೋನ್, ಪುಂಬಾ ಎಂಬ ಇಬ್ಬರು ತಮಾಷೆಗಾರರು ಬಂದು ಹಾಡುತ್ತಾರೆ.

ಭಯದ ಬೆನ್ನಲ್ಲೇ ನಗಿಸುವ ಈ ಜಾಣತನ ನಮ್ಮ ತೊಗಲುಗೊಂಬೆಯವರಿಗೆ ಎಂದಿನಿಂದಲೋ ಗೊತ್ತು. ಬಿಳಿ ಪರದೆ, ಹಿಂದೆ ಎಣ್ಣೆದೀಪ, ಬಣ್ಣ ಹಚ್ಚಿದ ಚರ್ಮದ ಗೊಂಬೆಗಳು, ರಾತ್ರಿಯಿಡೀ ಹಾಡು. ಯುದ್ಧ ನೋಡಿ ಮಕ್ಕಳ ಉಸಿರು ಕಟ್ಟಿದಾಗ ಕಿಳ್ಳೇಕ್ಯಾತನೂ ಬಂಗಾರಕ್ಕನೂ ಜಗಳವಾಡುತ್ತಾ ಬಂದು ನಗಿಸುತ್ತಿದ್ದರು. ಗಡಿಯಾಚೆಯ ಆಂಧ್ರದ ತೋಲುಬೊಮ್ಮಲಾಟದಲ್ಲೂ ಬಂಗಾರಕ್ಕ ಇದ್ದಾಳೆ. ಜರ್ಮನಿಯ ಲೊಟ್ಟೆ ರೈನಿಗರ್ ಕಪ್ಪು ಕಾಗದ ಕತ್ತರಿಸಿ, ನೆರಳುಗಳಿಂದಲೇ 1926ರಲ್ಲಿ ‘ಪ್ರಿನ್ಸ್ ಅಖ್ಮದ್’ನ ಸಾಹಸಕಥೆ ಮಾಡಿದರು. ಇಂದು ಉಳಿದಿರುವ ಪೂರ್ಣಾವಧಿ ಅನಿಮೇಷನ್ ಚಿತ್ರಗಳಲ್ಲಿ ಅದೇ ಅತಿ ಹಳೆಯದು. ಆ ಚಿತ್ರ ನಮ್ಮ ಗೊಂಬೆಯಾಟಕ್ಕೆ ದೂರದ ನೆಂಟನಂತೆ ಕಾಣುತ್ತದೆ.

ಆನೆಗೆ ಹೆದರುವ ಮಗುವಿಗೆ ಮಾತ್ರ 2016ರ ‘ಮೋನಾ’ ತೋರಿಸಬೇಕು. ನಡುಗಡಲಲ್ಲಿ ಧೈರ್ಯಗೆಟ್ಟ ಹುಡುಗಿಗೆ ತೀರಿಹೋದ ಅಜ್ಜಿ ಕಾಣಿಸಿಕೊಳ್ಳುತ್ತಾಳೆ. ಹೋಗು ಎಂದು ಅವಳು ದೂಡುವುದಿಲ್ಲ. ಮನೆಗೆ ಮರಳುವುದಾದರೂ ನಿನ್ನ ಜೊತೆಗಿರುತ್ತೇನೆ ಎನ್ನುತ್ತಾಳೆ. ಆ ಮಾತಿನ ಆಸರೆಯಲ್ಲೇ ಹುಡುಗಿಯ ಹಾಡು ಮೇಲೇಳುತ್ತದೆ. ಕೊನೆಗೆ ಬೆಂಕಿ ಕಾರುವ ರಾಕ್ಷಸಿ ಎದುರಿಗೆ ಬಂದಾಗ ಹುಡುಗಿ ಕತ್ತಿ ಎತ್ತುವುದಿಲ್ಲ, ಓಡುವುದೂ ಇಲ್ಲ. ಕಡಲು ಇಬ್ಭಾಗವಾಗಿ ಬಿಟ್ಟ ದಾರಿಯಲ್ಲಿ ಹಾಡುತ್ತಾ ನಡೆಯುತ್ತಾಳೆ.

ಸಿನಿಮಾ ಮುಗಿದ ಮೇಲೆ ಕಥೆ ಅರ್ಧಂಬರ್ಧ ಮರೆಯುತ್ತದೆ, ಹಾಡು ಉಳಿಯುತ್ತದೆ. ಹಿತ್ತಲಿನ ಬಚ್ಚಲಿಗೆ ಒಬ್ಬಳೇ ಹೋಗುವ ಪುಟ್ಟಿ ಗುನುಗುತ್ತಾ ಹೋಗುತ್ತಾಳೆ. ಮಕ್ಕಳಿಗೆ ಚಿತ್ರ ಆರಿಸುವವರು ಮೊದಲು ಅದರ ಹಾಡುಗಳನ್ನು ಕೇಳಬೇಕಾದದ್ದು ಇದಕ್ಕೇ.

ಎಲ್ಲ ಚಿತ್ರಗಳೂ ಎಲ್ಲ ವಯಸ್ಸಿಗೂ ಅಲ್ಲ. 2025ರ ಜುಲೈನಲ್ಲಿ ಕನ್ನಡದಲ್ಲೂ ಬಂದ ‘ಮಹಾವತಾರ ನರಸಿಂಹ’ದಲ್ಲಿ ಪ್ರಹ್ಲಾದನಂಥ ಧೀರ ಬಾಲಕನಿದ್ದಾನೆ. ಆದರೆ ಕಂಬ ಸೀಳಿದ ಮೇಲಿನ ಉಗ್ರ ದೃಶ್ಯಗಳಿಗೆ ಐದರ ಮಗು ಇನ್ನೂ ಚಿಕ್ಕದು. ಅದಕ್ಕೆ ‘ಪುಣ್ಯಕೋಟಿ’ ಹಿತ. ಕನ್ನಡದ ಗೋವಿನ ಹಾಡಿನ ಕಥೆಯನ್ನು ಬೆಂಗಳೂರಿನ ರವಿಶಂಕರ್ ವಿ. ಜನರಿಂದಲೇ ಹಣ ಕೂಡಿಸಿ ಸಂಸ್ಕೃತದಲ್ಲಿ ಅನಿಮೇಷನ್ ಮಾಡಿದರು. ಸಂಗೀತ ಇಳಯರಾಜ ಅವರದು. ಕೊಟ್ಟ ಮಾತಿಗಾಗಿ ಹುಲಿಯ ಬಳಿಗೆ ಹಿಂತಿರುಗುವ ಹಸುವಿನ ಧೈರ್ಯ ನಮ್ಮ ಮಕ್ಕಳಿಗೆ ಶಾಲೆಯ ಪಾಠದಿಂದಲೇ ಪರಿಚಯ.

ನೋಡುವಾಗ ಒಂದು ಹದವಿದೆ. ಮಗು ಕಣ್ಣು ಮುಚ್ಚಿದರೆ ಅಣಕಿಸದೆ ಸಿನಿಮಾ ನಿಲ್ಲಿಸಿ, ನೀರು ಕುಡಿಸಿ. “ಈಗ ಏನಾಗಬಹುದು, ಪುಟ್ಟಾ?” ಎಂದು ಕೇಳಿ. ಮುಂದುವರಿಸೋಣವೇ ಬೇಡವೇ ಎನ್ನುವುದನ್ನು ಅದೇ ಹೇಳಲಿ. ಮಗುವಿನ ಕೈಗೆ ಫೋನು ಕೊಟ್ಟು ಎದ್ದುಹೋದರೆ ಈ ಕೆಲಸ ಆಗುವುದಿಲ್ಲ.

ಭಾಷೆಯೂ ಮುಖ್ಯ. ಕಾಮಸಮುದ್ರದ ಕಡೆ ಕನ್ನಡ, ತೆಲುಗು, ತಮಿಳು ಮೂರೂ ಮಕ್ಕಳ ಕಿವಿಗೆ ಬೀಳುತ್ತವೆ. ಅರ್ಥ ತಿಳಿಯದ ಹಾಡಿಗೂ ಮಕ್ಕಳು ಕುಣಿದಾರು; ಆದರೆ ಕತ್ತಲಲ್ಲಿ ಒಬ್ಬರೇ ಇದ್ದಾಗ ನೆರವಿಗೆ ಬರುವುದು ಅರ್ಥವಾದ ಹಾಡು. ‘ಮೋನಾ’ 2017ರಲ್ಲಿ ಮಾವೋರಿ ಭಾಷೆಗೆ, 2018ರಲ್ಲಿ ಹವಾಯಿಯನ್ ಭಾಷೆಗೆ ಬಂತು. ‘ಫ್ರೋಜನ್ 2’ ಉತ್ತರ ಧ್ರುವಪ್ರದೇಶದಂಚಿನ ಸಾಮಿ ಮಕ್ಕಳ ಭಾಷೆಯಲ್ಲೂ ಹಾಡಿತು. ಆ ಭಾಷೆಗಳಿಗಿಂತ ಎಷ್ಟೋ ಪಟ್ಟು ಹೆಚ್ಚು ಮಕ್ಕಳು ಕನ್ನಡದಲ್ಲಿದ್ದಾರೆ. ಕನ್ನಡದ ಕವಿಗಳೇ, ಸಂಗೀತಗಾರರೇ, ಚಿತ್ರ ತಯಾರಿಸುವವರೇ, ಆನೆ ಬಂದ ರಾತ್ರಿ ನಮ್ಮ ಮಕ್ಕಳು ಗುನುಗಿಕೊಳ್ಳಲು ಇನ್ನಷ್ಟು ಹಾಡು ಕೊಡಿ.