ಕೆರೆಯ ದಡದಲ್ಲಿ ಶ್ರಾವಕಧರ್ಮ

ಚಿಕ್ಕಪೇಟೆಯ ವಾಯವ್ಯಕ್ಕೆ, ನಡೆದು ಹೋಗಬಹುದಾದ ದೂರದಲ್ಲಿ, ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆಯಿತ್ತು. ಇಂದು ಅಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿದೆ. ಹಳೆಯ ಊರಿಗೆ ಇಂದು ಉಳಿದಿರುವುದು ಕೆಂಪಾಂಬುಧಿ, ಲಾಲ್‌ಬಾಗಿನ ಕೆರೆ, ಹಲಸೂರು ಕೆರೆ, ಮಲ್ಲೇಶ್ವರದ ಮಗ್ಗುಲಲ್ಲಿ 1882ರಲ್ಲಿ ನಿರ್ಮಾಣವಾದ ಸ್ಯಾಂಕಿ ಕೆರೆ ಮುಂತಾದ ಕೆಲವು ಮಾತ್ರ. ಇವುಗಳ ದಡವೆಲ್ಲ ಈಗ ವಾಯುವಿಹಾರದ ಸ್ಥಳ. ಉಪಾಸಕದಶಾಂಗದಲ್ಲಿ ಶ್ರಾವಕನು ವರ್ಜಿಸಬೇಕಾದ ಹದಿನೈದು ಕರ್ಮಾದಾನಗಳನ್ನು, ಅಂದರೆ ಹಿಂಸಾಬಹುಳವಾದ ಉದ್ಯೋಗಗಳನ್ನು, ಹೇಳಿದೆ. ಸರೋವರ, ಮಡು, ಕೆರೆಗಳನ್ನು ಬತ್ತಿಸುವುದೂ ಅವುಗಳಲ್ಲೊಂದು. ಕೆರೆಯನ್ನು ಅಸಂಖ್ಯಾತ ಜೀವಗಳ ಮನೆಯೆಂದು ಬಗೆದುದರಿಂದಲೇ ಪ್ರಾಚೀನರು ಅದನ್ನು ಈ ಪಟ್ಟಿಯಲ್ಲಿ ಸೇರಿಸಿದರು.

ಈಚೆಗೆ ನಮ್ಮ ಕೆಲವು ಟ್ರಸ್ಟುಗಳಲ್ಲಿ ಒಂದು ಸಲಹೆ ಕೇಳಿಬರುತ್ತಿದೆ: ಉದ್ಯಾನಗಳ ಕೆರೆಗಳಲ್ಲಿ ಮೀನು ಹಿಡಿಯುವುದನ್ನು ಪೂರ್ಣವಾಗಿ ನಿಷೇಧಿಸುವಂತೆ ಸರ್ಕಾರಕ್ಕೆ ಮನವಿ ಸಲ್ಲಿಸಬೇಕೆಂಬುದು. ಜೀವದಯೆಯ ಮಾತಾದ್ದರಿಂದ ಸಭೆಯಲ್ಲಿ ಯಾರೂ ವಿರೋಧಿಸುವುದಿಲ್ಲ. ಆದರೆ ವ್ಯಾಪಾರಸ್ಥರಾದ ನಾವು ಜಮಾಖರ್ಚು ನೋಡದೆ ಯಾವ ಕಾಗದಕ್ಕೂ ಸಹಿ ಹಾಕುವವರಲ್ಲ. ಹಿಂಸೆಯ ಲೆಕ್ಕದಲ್ಲಿಯೂ ಅದೇ ಎಚ್ಚರವಿರಲಿ ಎಂಬುದು ನನ್ನ ವಿನಂತಿ.

ಲೆಕ್ಕದ ಮೊದಲನೆಯ ಬಾಬು ಹೀಗಿದೆ. 2016ರ ಮಾರ್ಚ್ ತಿಂಗಳಿನಲ್ಲಿ ಹಲಸೂರು ಕೆರೆಯ ಮೇಲೆ ಸಾವಿರಾರು ಮೀನುಗಳು ಸತ್ತು ತೇಲಿದುವು. ಯಾರೂ ಬಲೆ ಬೀಸಿರಲಿಲ್ಲ, ಗಾಳ ಹಾಕಿರಲಿಲ್ಲ. ಚರಂಡಿಯ ನೀರು ಕೆರೆಗೆ ಸೇರಿದಾಗ ಅದರ ಕೊಳೆಯನ್ನು ಕರಗಿಸುವ ಸೂಕ್ಷ್ಮಜೀವಿಗಳು ನೀರಿನಲ್ಲಿರುವ ಆಮ್ಲಜನಕವನ್ನು ಹೀರಿಕೊಳ್ಳುತ್ತವೆ. ರಾತ್ರಿಯಲ್ಲಿ ಪಾಚಿಯೂ ಆಮ್ಲಜನಕವನ್ನೇ ಬಳಸುತ್ತದೆ. ಬೆಳಗಿನ ಜಾವಕ್ಕೆ ಮೀನುಗಳು ಮೇಲೆ ಬಂದು ಬಾಯಿ ತೆರೆದು ಒದ್ದಾಡುವುದು ಈ ಕಾರಣದಿಂದ. ಪ್ರಮಾದದಿಂದ ಪ್ರಾಣಹರಣ ಮಾಡುವುದೇ ಹಿಂಸೆಯೆಂದು ತತ್ತ್ವಾರ್ಥಸೂತ್ರದ ಅಭಿಪ್ರಾಯ. ನಮ್ಮ ನಮ್ಮ ಮನೆ, ಅಂಗಡಿ, ಕಲ್ಯಾಣಮಂಟಪಗಳ ಕೊಳೆನೀರು ಎಲ್ಲಿಗೆ ಹೋಗುತ್ತದೆಂದು ವಿಚಾರಿಸದಿರುವುದು ಪ್ರಮಾದವಲ್ಲದೆ ಮತ್ತೇನು? ಒಬ್ಬ ಬಲೆಗಾರನು ವರ್ಷವಿಡೀ ಹಿಡಿಯಲಾರದಷ್ಟು ಮೀನುಗಳನ್ನು ನಮ್ಮೆಲ್ಲರ ಅಲಕ್ಷ್ಯವು ಒಂದೇ ರಾತ್ರಿಯಲ್ಲಿ ಕೊಲ್ಲಬಲ್ಲದು.

ಎರಡನೆಯ ಬಾಬು ನಮ್ಮ ಪುಣ್ಯಕಾರ್ಯಗಳದ್ದೇ ಆಗಿದೆ. ಪರ್ವದಿನಗಳಲ್ಲಿ ಹಿಟ್ಟಿನ ಉಂಡೆ, ಬ್ರೆಡ್ಡು, ಕಡಲೆಪುರಿಗಳನ್ನು ಚೀಲಗಟ್ಟಲೆ ಕೆರೆಗೆ ಸುರಿಯುವವರಿದ್ದಾರೆ. ಮೀನು ತಿನ್ನದೆ ಉಳಿದದ್ದು ತಳದಲ್ಲಿ ಕೊಳೆತು ಮೇಲೆ ಹೇಳಿದ ಆಮ್ಲಜನಕವನ್ನೇ ಕಬಳಿಸುತ್ತದೆ. ಇನ್ನು ಕೆಲವರು ಮಾರುಕಟ್ಟೆಯಲ್ಲಿ ಜೀವಂತ ಮೀನು ಕೊಂಡು ಕೆರೆಗೆ ಬಿಡುತ್ತಾರೆ. ಕೊಳ್ಳುವವನಿದ್ದಲ್ಲಿ ಸರಕು ಬರುತ್ತದೆಂಬುದು ಚಿಕ್ಕಪೇಟೆಯ ಹುಡುಗನಿಗೂ ಗೊತ್ತು. ಇಂದು ಹತ್ತು ಮೀನು ಕೊಂಡರೆ ನಾಳೆ ಇಪ್ಪತ್ತು ಹಿಡಿದು ತರುತ್ತಾರೆ. ಹಾಗೆ ಬಿಟ್ಟ ಆಫ್ರಿಕನ್ ಕ್ಯಾಟ್‌ಫಿಶ್‌ನಂಥ ಹೊಟ್ಟೆಬಾಕ ಪರಜಾತಿಯು ಕೆರೆಯ ಮೂಲ ಮೀನುಗಳನ್ನು ತಿಂದು ಮುಗಿಸುತ್ತದೆ. ನೀರು ಸೋಸುವ ನಮ್ಮ ಆಚಾರದಲ್ಲಿ ಬಟ್ಟೆಯಲ್ಲುಳಿದ ಜೀವಿಗಳನ್ನು ಅದೇ ಬಾವಿಗೆ ಅಥವಾ ಕೆರೆಗೆ ಮರಳಿ ಬಿಡಬೇಕೆಂಬ ನಿಯಮವಿದೆ. ಒಂದು ನೀರಿನ ಜೀವಕ್ಕೆ ಮತ್ತೊಂದು ನೀರು ಹೊಂದದೆಂಬ ವಿವೇಕ ಅದರಲ್ಲಿದೆ. ಆ ವಿವೇಕವನ್ನು ಮರೆತ ದಯೆಯು ದಯೆಯಾಗಿ ಉಳಿಯುವುದಿಲ್ಲ.

ಮೂರನೆಯ ಬಾಬು ಬಲೆಗಾರನದು. ರಾಜ್ಯದ ಅನೇಕ ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಮೀನುಗಾರಿಕೆ ಇಲಾಖೆಯು ಗುತ್ತಿಗೆಗೆ ಕೊಡುತ್ತದೆ. ಅಂಥ ಒಂದು ಕೆರೆಯ ಬಲೆಗಾರನನ್ನು ನಾನು ಮಾತನಾಡಿಸಿದಾಗ ಅವನು ಕೇಳಿದ: “ಸ್ವಾಮಿ, ತಮ್ಮದು ಎಲ್ಲಿ ಅಂಗಡಿ?” ಚಿಕ್ಕಪೇಟೆಯೆಂದೆ. “ಅಲ್ಲಿ ರೇಷ್ಮೆ ಮಾರ್ತಾರಲ್ವಾ? ಗೂಡು ಬೇಯಿಸೋವಾಗ ಒಳಗಿನ ಹುಳ ಏನಾಗುತ್ತೆ?” ಎಂದ. ಅವನ ಮಾತಿನಲ್ಲಿ ಕೊಂಕಿರಲಿಲ್ಲ. ರೇಷ್ಮೆಯನ್ನು ತ್ಯಜಿಸಿದ ಶ್ರಾವಕರು ನಮ್ಮಲ್ಲಿ ಇದ್ದಾರೆ, ಅವರಿಗೆ ನಮಸ್ಕಾರ. ಆದರೆ ಪೇಟೆಯ ಬೀದಿಯಲ್ಲಿ ನಿಂತು ಬಲೆಗಾರನಿಗೆ ಬೋಧಿಸುವಾಗ ಸಮಾಜವಾಗಿ ನಮ್ಮ ಸ್ವರ ತುಸು ತಗ್ಗಿರುವುದು ಉಚಿತ.

ಸೋಮದೇವಸೂರಿಯ ಯಶಸ್ತಿಲಕದಲ್ಲಿ ಮೃಗಸೇನನೆಂಬ ಬೆಸ್ತನ ಕಥೆಯಿದೆ. ಮುನಿಗಳು ಅವನ ಕಸುಬನ್ನು ಒಮ್ಮೆಗೇ ಬಿಡಿಸಲಿಲ್ಲ. ಬಲೆಗೆ ಬಿದ್ದ ಮೊದಲ ಮೀನನ್ನು ಕೊಲ್ಲದೆ ಬಿಡಬೇಕೆಂಬ ಒಂದೇ ವ್ರತವನ್ನು ಕೊಟ್ಟರು. ಅಂದು ಅದೇ ಮೀನು ಐದು ಬಾರಿ ಬಲೆಗೆ ಬಿದ್ದಿತು, ಐದು ಬಾರಿಯೂ ಅವನು ಅದನ್ನು ಬಿಟ್ಟನು. ಬರಿಗೈಯಲ್ಲಿ ಹಿಂದಿರುಗಿದಾಗ ಹೆಂಡತಿ ಬಾಗಿಲು ಮುಚ್ಚಿದಳು. ಹೊರಗೆ ಮಲಗಿದವನು ಹಾವು ಕಚ್ಚಿ ಸತ್ತು, ಮರುಜನ್ಮದಲ್ಲಿ ಶೆಟ್ಟಿಯ ಮನೆಯಲ್ಲಿ ಹುಟ್ಟಿ ಐದು ಬಾರಿ ಮೃತ್ಯುವಿನಿಂದ ಪಾರಾದನು. ವ್ರತವನ್ನು ಶಕ್ತಿಗೆ ತಕ್ಕಂತೆ ಕೊಡಬೇಕು, ಅದನ್ನು ಸ್ವಇಚ್ಛೆಯಿಂದ ಸ್ವೀಕರಿಸಬೇಕು. ನಮ್ಮ ವ್ರತವನ್ನು ಪೊಲೀಸರ ಲಾಠಿಯಿಂದ ಇತರರ ಮೇಲೆ ಹೇರುವುದು ಮುನಿಮಾರ್ಗವಲ್ಲ.

ಹಾಗೆಂದು ನಿಯಮವೇ ಬೇಡವೆಂದಲ್ಲ. ಸಿಡಿಮದ್ದು ಮತ್ತು ವಿಷದಿಂದ ಮೀನು ಕೊಲ್ಲುವುದನ್ನು 1897ರ ಮೀನುಗಾರಿಕೆ ಕಾಯಿದೆಯೇ ಅಪರಾಧವೆಂದಿತು. ಆದರೂ ಧರ್ಮಸ್ಥಳದ ಸಮೀಪದ ಶಿಶಿಲದಲ್ಲಿ, ಭಕ್ತರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ದೇವರಮೀನುಗಳಿಗೆ 1996ರಲ್ಲಿ ದುಷ್ಕರ್ಮಿಗಳು ವಿಷವಿಕ್ಕಿದರು. ಕಾಯಿದೆಯಿದ್ದರೂ ಕಾಯುವ ಕಣ್ಣು ಬೇಕೆಂಬುದಕ್ಕೆ ಇದು ನಿದರ್ಶನ. ಸಣ್ಣ ಕಣ್ಣಿನ ಬಲೆ ಬೇಡ, ಮರಿಯಿಡುವ ಮಳೆಗಾಲದಲ್ಲಿ ಬಿಡುವಿರಲಿ, ಜನ ತಿರುಗಾಡುವ ದಡದಲ್ಲಿ ಗಾಳ ಬೇಡ ಎಂದು ನಾವು ಕೇಳಬಹುದು. ಇವು ಜೈನರಲ್ಲದವರೂ ಒಪ್ಪುವ ಮಾತುಗಳು.

ಕೊನೆಯ ಬಾಬನ್ನು ಜೀವದಯೆಯ ಮನವಿಗಳಲ್ಲಿ ನಾನು ಕಾಣಲೇ ಇಲ್ಲ, ಅದು ಮನುಷ್ಯಜೀವ. ನಮ್ಮ ಕೆರೆಗಳು ಏರಿ ಕಟ್ಟಿ ನೀರು ನಿಲ್ಲಿಸಿದವು. ಆದ್ದರಿಂದ ಏರಿಯ ಬುಡದಲ್ಲಿ, ತೂಬಿನ ಹತ್ತಿರ, ಆಳ ಅತ್ಯಧಿಕ. ಉದ್ಯಾನದ ಕಾಲುದಾರಿಯನ್ನು ಹಾಕುವುದೂ ಹೆಚ್ಚಾಗಿ ಆ ಏರಿಯ ಮೇಲೆಯೇ. ಹೂಳೆತ್ತಿದ ಕೆರೆಯಲ್ಲಿ ಮೇಲಿನಿಂದ ಕಾಣದ ಗುಂಡಿಗಳಿರುತ್ತವೆ, ಸೋಪಾನದಲ್ಲಿ ಪಾಚಿಯಿರುತ್ತದೆ. ಮೀನಿಗೆ ಪುರಿ ಹಾಕಲು ಬಗ್ಗುವ ಮಗುವಿನ ಕೈಯನ್ನು ಹಿರಿಯರು ಹಿಡಿದಿರಬೇಕು. ಯಾರಾದರೂ ಬಿದ್ದರೆ, ಈಜು ಬಾರದವರು ಧುಮುಕದೆ ಹಗ್ಗವನ್ನೋ ಕೋಲನ್ನೋ ಸೀರೆಯನ್ನೋ ಎಸೆಯಬೇಕು. ಒಬ್ಬನನ್ನು ಉಳಿಸಲು ಹೋಗಿ ಇಬ್ಬರು ಮುಳುಗಿದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಆದ್ದರಿಂದ ಟ್ರಸ್ಟುಗಳಲ್ಲಿ ನನ್ನ ಪ್ರಾರ್ಥನೆ ಇಷ್ಟು. ಮೀನಿಗೆ ಹಿಟ್ಟು ಸುರಿಯಲು ತೆಗೆದಿಟ್ಟ ಹಣದಲ್ಲಿ, ಸಂಬಂಧಪಟ್ಟ ಅಧಿಕಾರಿಗಳ ಅನುಮತಿ ಪಡೆದು, ಸಮೀಪದ ಒಂದು ಕೆರೆಗೆ ಕಟಕಟೆ, ಕನ್ನಡದ ಎಚ್ಚರಿಕೆಯ ಫಲಕ, ತೇಲುವ ಬಳೆ ಮತ್ತು ಹಗ್ಗಗಳನ್ನು ಒದಗಿಸಿರಿ. ಬಸದಿಯ ಹಾಗೂ ಸಭಾಭವನದ ಕೊಳೆನೀರು ಸರಿಯಾದ ಒಳಚರಂಡಿಗೆ ಸೇರುತ್ತಿದೆಯೇ ಎಂದು ಪರೀಕ್ಷಿಸಿರಿ. ಇಷ್ಟಾದ ಮೇಲೆ ಮನವಿ ಬರೆಯೋಣ. ಮೊದಲ ಸಾಲಿನಲ್ಲಿ ಚರಂಡಿಯಿರಲಿ, ಎರಡನೆಯದರಲ್ಲಿ ಕಟಕಟೆಯಿರಲಿ, ಬಲೆಯ ಮಾತು ಮೂರನೆಯದಾಗಿ ಬರಲಿ. ಅಂಥ ಮನವಿಗೆ ಆ ಬಲೆಗಾರನೂ ಸಹಿ ಹಾಕಿಯಾನು.