ಮೊದಲ ಹೆಲಿಕಾಪ್ಟರ್, ನಾಲ್ಕು ತಿಂಗಳ ತಲೆಬಿಸಿ

ಇಪ್ಪತ್ತೆಂಟು ವರ್ಷದ ಗಂಡಸೊಬ್ಬ ಆಟದ ಸಾಮಾನು ಕೊಳ್ಳೋಕೆ ನಾಲ್ಕು ತಿಂಗಳು ಯೋಚನೆ ಮಾಡಿದ ಅಂದ್ರೆ ನಂಬ್ತೀರಾ? ನಂಬಿ, ಆ ಮಹಾನುಭಾವ ನಾನೇ :-)

ಹುಚ್ಚು ಹಳೆಯದು. ಚಿಕ್ಕಂದಿನಲ್ಲಿ ಚುನಾವಣೆ ಬಂತೆಂದರೆ ನಮ್ಮೂರ ಹೈಸ್ಕೂಲ್ ಮೈದಾನದಲ್ಲಿ ಹೆಲಿಕಾಪ್ಟರ್ ಇಳಿಯುತ್ತಿತ್ತು. ಭಾಷಣ ಯಾರು ಕೇಳ್ತಿದ್ರೋ ಏನೋ, ನಾವಂತೂ ಆ ಧೂಳು ತಿನ್ನೋಕೇ ಓಡ್ತಿದ್ವಿ. ಈಗ ಕೈಯಲ್ಲಿ ಸಂಬಳ ಇದೆ, ಕೇಳೋರಿಲ್ಲ. ಹಾಗಾಗಿ ರಿಮೋಟ್ ಕಂಟ್ರೋಲ್ ಹೆಲಿಕಾಪ್ಟರ್ ತಗೊಳ್ಳೋದೇ ಅಂತ ಹೊರಟೆ. ಹೊರಟ ಮೇಲೆ ಗೊತ್ತಾಯ್ತು, ಇದರಲ್ಲಿ ಮೂರು ಜಾತಿ ಇವೆ ಅಂತ.

ಮೊದಲನೆಯದು ಕೋಆಕ್ಸಿಯಲ್. ಒಂದರ ಮೇಲೊಂದು ಎರಡು ರೋಟರ್, ಎದುರುಬದುರು ದಿಕ್ಕಿನಲ್ಲಿ ತಿರುಗುತ್ತವೆ. ಒಂದೇ ರೋಟರ್ ಇದ್ದರೆ ನ್ಯೂಟನ್ನನ ಮೂರನೇ ನಿಯಮದ ಪ್ರಕಾರ ಕೆಳಗಿನ ದೇಹ ಉಲ್ಟಾ ಗಿರಗಿರ ಸುತ್ತಬೇಕು. ಇಲ್ಲಿ ಒಂದರ ತಿರುಚನ್ನು ಇನ್ನೊಂದು ರದ್ದು ಮಾಡುತ್ತೆ. ಬಹಳ ಸಾಧು ಪ್ರಾಣಿ. ಆದರೆ ಫ್ಯಾನ್ ಹಾಕಿದರೆ ಸಾಕು, ಗಾಳಿ ಬಂದ ಕಡೆಗೆ ಹೊರಟುಬಿಡುತ್ತೆ. ಮೂರು ಚಾನೆಲ್ಲಿನದ್ದಾದರೆ ಮೇಲೆ-ಕೆಳಗೆ, ಹಿಂದೆ-ಮುಂದೆ, ಮೂತಿ ತಿರುಗಿಸೋದು, ಅಷ್ಟೇ. ಪಕ್ಕಕ್ಕೆ ಜಾರಿದರೆ ತಡೆಯೋ ಉಪಾಯವೇ ಇಲ್ಲ.

ಎರಡನೆಯದು ಫಿಕ್ಸೆಡ್ ಪಿಚ್. ಒಂದು ರೋಟರ್, ಬಾಲದಲ್ಲೊಂದು ಪುಟ್ಟ ರೋಟರ್. ಬ್ಲೇಡಿನ ಓರೆ ಬದಲಾಗಲ್ಲ, ಮೇಲೇರಬೇಕಾದರೆ ಮೋಟಾರ್ ಜೋರಾಗಬೇಕು. ಮೂರನೆಯದು ಕಲೆಕ್ಟಿವ್ ಪಿಚ್. ಇದರಲ್ಲಿ ರೋಟರಿನ ವೇಗ ಹೆಚ್ಚುಕಡಿಮೆ ಒಂದೇ ಇರುತ್ತೆ, ಬ್ಲೇಡುಗಳ ಓರೆ ಬದಲಾಗುತ್ತೆ. ಓರೆಯನ್ನು ಉಲ್ಟಾ ಮಾಡಿದರೆ ಹೆಲಿಕಾಪ್ಟರ್ ತಲೆಕೆಳಗಾಗಿಯೂ ಹಾರುತ್ತೆ! ವಿಡಿಯೋಗಳಲ್ಲಿ ಹುಲ್ಲಿಗೆ ತಲೆ ತಾಗಿಸೋ ಹಾಗೆ ಪಲ್ಟಿ ಹೊಡೆಯೋದು ಇವೇ. ನನ್ನ ಮನಸ್ಸು ಬಿದ್ದಿದ್ದು ಇದರ ಮೇಲೆ, ಬೇರೆ ಹೇಳಬೇಕಾ?

ಕಾರ್ಟಿಗೆ ಹಾಕಿ, ಸುಮ್ಮನೆ ಇರಲಾರದೆ ಒಂದು ಲೆಕ್ಕ ಮಾಡಿದೆ. ರೋಟರಿನ ವ್ಯಾಸ 70 ಸೆಂಟಿಮೀಟರ್. ನಿಮಿಷಕ್ಕೆ 2500 ಸುತ್ತು. ಹಾಗಾದರೆ ಬ್ಲೇಡಿನ ತುದಿಯ ವೇಗ ಸೆಕೆಂಡಿಗೆ ಸುಮಾರು 92 ಮೀಟರ್, ಅಂದರೆ ಗಂಟೆಗೆ 330 ಕಿಲೋಮೀಟರ್. ಆಗಲೇ ಅಡುಗೆಮನೆಯಿಂದ ಅಕ್ಕನ ಮಗಳ ಕಿರುಚಾಟ ಕೇಳಿಸ್ತು. ಐದು ವರ್ಷ ಅವಳಿಗೆ. ಮಿಕ್ಸಿ ಸದ್ದಾದರೂ ಓಡಿಬಂದು ಮೂಗು ತೂರಿಸೋ ಹುಡುಗಿ. ನಮ್ಮ ಟೆರೇಸಿಗೆ ಬಾಗಿಲಿದೆ, ಚಿಲಕ ಇಲ್ಲ. ಆ 330ನ್ನು ಇನ್ನೊಮ್ಮೆ ನೋಡಿದೆ. ಕಾರ್ಟ್ ಖಾಲಿ ಮಾಡಿದೆ.

ಆಸೆ ಬಿಟ್ಟ ಬೇಜಾರು ವಾರಗಟ್ಟಲೆ ಇತ್ತು ಕಣ್ರೀ. ಆಮೇಲೆ ಆರ್ಥರ್ ಯಂಗ್ ಬಗ್ಗೆ ಓದಿದೆ. ಬೆಲ್ 47 ಹೆಲಿಕಾಪ್ಟರಿನ ವಿನ್ಯಾಸಕಾರ. ಈತ ಮೊದಲು ವರ್ಷಗಟ್ಟಲೆ ಹಾರಿಸಿದ್ದು ಬರೀ ಮಾದರಿಗಳನ್ನ. ವೈರ್ ಕಟ್ಟಿದ, ಕರೆಂಟಿನಲ್ಲಿ ಓಡೋ ಪುಟ್ಟ ಹೆಲಿಕಾಪ್ಟರನ್ನು 1941ರಲ್ಲಿ ಬೆಲ್ ಕಂಪನಿಯವರ ಮುಂದೆ ಹಾರಿಸಿ ತೋರಿಸಿದ. ಬೆಲ್ 47ಕ್ಕೆ ನಾಗರಿಕ ಬಳಕೆಯ ಪ್ರಮಾಣಪತ್ರ ಸಿಕ್ಕಿದ್ದು 1946ರ ಮಾರ್ಚ್ 8ರಂದು. ಅಂಥವನೇ ಚಿಕ್ಕದರಿಂದ ಶುರು ಮಾಡಿದ ಮೇಲೆ ನನ್ನದೇನು ದೊಡ್ಡಸ್ತಿಕೆ?

ಕೊನೆಗೆ ತಂದಿದ್ದು ನಾಲ್ಕು ಚಾನೆಲ್ಲಿನ ಪುಟ್ಟ ಫಿಕ್ಸೆಡ್ ಪಿಚ್. ಪಕ್ಕಕ್ಕೆ ವಾಲಿಸಬಹುದು, ಅಂದರೆ ನಿಜವಾದ ಹಾರಾಟದ ಅಕ್ಷರಾಭ್ಯಾಸ ಇದರಲ್ಲೇ ಆಗುತ್ತೆ. ಒಳಗಿರೋ ಜೈರೋ ಓಲಾಟ ತಡೆಯುತ್ತೆ. ಬ್ಲೇಡು ಹಗುರ ಪ್ಲಾಸ್ಟಿಕ್ಕು, ಗೋಡೆಗೆ ತಾಗಿದರೆ ಗೋಡೆಗೇನೂ ಆಗಲ್ಲ. ತೂಕ 250 ಗ್ರಾಂಗಿಂತ ಎಷ್ಟೋ ಕಡಿಮೆ, ಹಾಗಾಗಿ 2021ರ ಡ್ರೋನ್ ನಿಯಮಗಳ ಪ್ರಕಾರ ಪೈಲಟ್ ಲೈಸೆನ್ಸೂ ಬೇಡ.

ನೀವೂ ತಗೊಳ್ಳೋದಾದರೆ ನಾಲ್ಕು ಮಾತು. ಬಿಡಿಭಾಗ ಸಿಗದ ಹೆಲಿಕಾಪ್ಟರ್ ಎಷ್ಟು ಚೆಂದ ಇದ್ದರೂ ಬೇಡ. ಬ್ಲೇಡು, ಬಾಲದ ಮೋಟಾರು ಖಂಡಿತ ಹೋಗುತ್ತವೆ. ರಿಮೋಟ್ ಮೋಡ್ 2 ಇರಲಿ, ಅಂದರೆ ಥ್ರಾಟಲ್ ಎಡಗೈಗೆ. ಲಿಪೊ ಬ್ಯಾಟರಿಯ ಒಂದು ಸೆಲ್ 4.2 ವೋಲ್ಟ್ ದಾಟಬಾರದು, 3ಕ್ಕಿಂತ ಇಳಿಯಬಾರದು, ಚಾರ್ಜಿಗಿಟ್ಟು ಮಲಗಲೇಬೇಡಿ. ನೆಲಕ್ಕೆ ಅಂಟಿಕೊಂಡೇ ಹಾರಿಸೋಕೆ ಹೋಗಬೇಡಿ, ಅಲ್ಲಿ ತನ್ನ ಗಾಳಿಗೆ ತಾನೇ ಜಾರುತ್ತೆ. ಮೊಣಕಾಲೆತ್ತರಕ್ಕೆ ಒಯ್ದರೆ ಸಮಾಧಾನ ಆಗುತ್ತೆ.

ಕಷ್ಟ ಇರೋದು ಅದರ ಮೂತಿ ನಮ್ಮ ಕಡೆ ತಿರುಗಿದಾಗ. ಎಡಕ್ಕೆ ಒತ್ತಿದರೆ ನಮ್ಮ ಬಲಕ್ಕೆ ಹೋಗುತ್ತೆ. ಬುದ್ಧಿಗೆ ಗೊತ್ತು, ಹೆಬ್ಬೆರಳಿಗೆ ಗೊತ್ತಿಲ್ಲ! ದಿನಾ ಆಫೀಸಿನಿಂದ ಬಂದು ಅರ್ಧ ಗಂಟೆ ಸಿಮ್ಯುಲೇಟರಿನಲ್ಲಿ, ಆಮೇಲೆ ಹಾಲಿನಲ್ಲಿ ಒಂದು ಬ್ಯಾಟರಿ. ಅಕ್ಕನ ಮಗಳು ಸೋಫಾದ ಹಿಂದೆ ನಿಂತು ಎಣಿಸ್ತಾಳೆ, ಬ್ಲೇಡು ನಿಲ್ಲೋವರೆಗೂ ಈಚೆ ಬರೋ ಹಾಗಿಲ್ಲ. ಮೂತಿ ಎದುರಿಟ್ಟು ನಿಲ್ಲಿಸಿದ್ದು ನಿನ್ನೆ ಎಂಟು ಎಣಿಸೋವರೆಗೆ. ಅವಳ ಲೆಕ್ಕದಲ್ಲಿ ಆರಾದ ಮೇಲೆ ಒಂಬತ್ತು ಬರುತ್ತೆ, ಹಾಗಾಗಿ ಸ್ವಲ್ಪ ಕಳೆದುಕೊಳ್ಳಿ :-)